ಹಸಿರು ಕಾಯಿ

ಗುರುವಾರ ಸಂಜೆ ಸೇತುವೆಯ ಮೇಲೆ ವಾಹನಗಳ ಸಾಲು.
ಕೆಳಗೆ ಹೊಳೆಯಲ್ಲಿ ಮಂಜುಗಡ್ಡೆ ಹಲ್ಲು ಕಡಿಯುತ್ತಿದೆ.
ಗಡಿಯ ಗೂಡಿನಿಂದ ಒಡೀಲ್ ಕೈ ಚಾಚುತ್ತಾಳೆ,
ಗುರುತಿನ ಚೀಟಿ ಕೊಡುತ್ತೇನೆ.
ಎಲ್ಲಿಗೆ?
ನಿನ್ನ ಮನೆಗೆ.
ಯಾಕೆ?
ಯುದ್ಧಕ್ಕೆ.
ಜೊತೆಗೇನಾದರೂ?
ಮೆಕ್ಕೆಜೋಳದ ಸಾರು, ಒಂದು ಪಾತ್ರೆ.
ಅವಳು ನಗುವಂತಿಲ್ಲ, ನೆತ್ತಿಯ ಮೇಲೆ ಕ್ಯಾಮೆರಾ.
ಎಡಗಣ್ಣಿನ ಕೆಳಗೊಂದು ಗೆರೆ ಮಾತ್ರ ಕದಲುತ್ತದೆ.
ಹೋಗು, ಎನ್ನುತ್ತಾಳೆ.

ಅವಳ ಪಾಳಿ ಮುಗಿಯುವುದರೊಳಗೆ ರೆಜ್ಯಾನ್
ಅಡುಗೆಮನೆಯ ಮೇಜು ಒರೆಸಿ ನಕ್ಷೆ ಬಿಡಿಸಿರುತ್ತಾನೆ.
ಸಾವಿರದ ಏಳುನೂರ ಐವತ್ತಾರು.
ಮಡಿಕೆ ಬಿದ್ದಲ್ಲಿ ಎರಡು ಕೋಟೆ ಅಳಿಸಿಹೋಗಿವೆ,
ಸರೋವರದ ನಡುವೆ ಎಂದೋ ಚೆಲ್ಲಿದ ಕಾಫಿಯ ದ್ವೀಪ.
ಉಣ್ಣೆಯ ಟೊಪ್ಪಿಗೆ ಕೈಹಾಕಿ ಬಣ್ಣ ಎತ್ತುತ್ತೇವೆ.
ಕೆಂಪು ಒಬ್ಬ ದೊರೆಯ ದಂಡು, ಹಳದಿ ಅವನ ವಲಸಿಗರು.
ನೀಲಿ ಇನ್ನೊಬ್ಬ ದೊರೆ, ಬಿಳಿ ಅವನ ವಲಸಿಗರು.
ಇಬ್ಬರ ಮೇಲೆ ಇಬ್ಬರು.
ಈ ಸಲ ರೆಜ್ಯಾನನಿಗೆ ಕೆಂಪು ಬಂತು.
ತಾತ ಕನಸಿಗೆ ಬಂದು ಕೆನ್ನೆಗೆ ಬಾರಿಸುತ್ತಾನೆ, ನೋಡ್ತಿರು, ಎಂದ.

ಹಸಿರಿಗೆ ಚೀಟಿ ಇಲ್ಲ, ಕುರ್ಚಿ ಇಲ್ಲ, ಸರದಿ ಇಲ್ಲ.
ಹಳ್ಳಿಗೆ ಯಾರ ಕಾಯಿ ಮೊದಲು ಕಾಲಿಟ್ಟರೆ
ಹಸಿರು ಎದ್ದು ಅವರ ಹಿಂದೆ ನಡೆಯತಕ್ಕದ್ದು.
ನಿಯಮ ಏಳು, ಪುಟ ಹನ್ನೊಂದು.
ಹಸಿರು ಎಂದರೆ ನಾವು.
ಮೊದಲ ವರ್ಷ ಇದನ್ನು ಓದುವಾಗ ಅಲಸ್ಟೇರ್ ಕೆಮ್ಮಿದ, ನೀರು ಕುಡಿದ.
ಓದಪ್ಪಾ, ಎಂದೆ, ಶಾಲೆಯಲ್ಲಿ ಇದಕ್ಕಿಂತ ಕೆಟ್ಟದ್ದನ್ನು
ಬಾಯಿಪಾಠ ಮಾಡಿಸಿದ್ದಾರೆ.

ದಾಳಕ್ಕೆ ಮೂರೇ ಮಾತು ಗೊತ್ತು.
ಹೊಡೆ. ಓಡು. ಸುಮ್ಮನಿರು.
ಹಳದಿಯ ದಾಳದಲ್ಲಿ 'ಓಡು' ಎರಡು ಕಡೆ ಇದೆ,
ಬಿದ್ದಾಗಲೆಲ್ಲ ಅಲಸ್ಟೇರ್ ತನಗೇ ಅಂದ ಹಾಗೆ ಮುಖ ಊದಿಸುತ್ತಾನೆ.
ಚೌಕಗಳಿಗೆ ಮನೆ ಎಂದು ಹೆಸರು.
ಮನೆ ಹಿಡಿ, ಮನೆ ಬಿಡು, ಮನೆ ಸುಡು.
ಕಾಯಿ ಹಣ್ಣಾಗುವ ಆಟವಲ್ಲ ಇದು,
ಕಾಯಿ ಇಲ್ಲಿ ಕಾಯಾಗಿಯೇ ಸಾಯುತ್ತದೆ.
ಒಡೀಲ್ ಬಂದು ಸಮವಸ್ತ್ರದ ಕತ್ತಿನ ಗುಂಡಿ ಬಿಚ್ಚಿ
ನನ್ನ ಪಕ್ಕ ಕೂರುತ್ತಾಳೆ. ನಾವಿಬ್ಬರೂ ಒಂದೇ ಕಡೆ.
ಮೇಜಿನಡಿ ನನ್ನ ಪಾದ ಒತ್ತುತ್ತಾಳೆ:
ಈಗ ಬೇಡ ಕಹೆಂತೆ, ಮುಂದಿನ ಸುತ್ತಿಗೆ.

ಹೋದ ಚಳಿಗಾಲ ಒಂದು ಹಸಿರು ಕಾಯಿ ಕಳೆಯಿತು.
ಬಿಸಿಗಾಳಿಯ ಜಾಲರಿಗೆ ಬಿತ್ತೋ ಏನೋ.
ಹೊಸದು ತರಿಸೋಣ ಎಂದ ಅಲಸ್ಟೇರ್,
ಬಟಾಣಿ ಇಡೋಣ ಎಂದ ರೆಜ್ಯಾನ್.
ನನ್ನ ಕೋಟಿನ ಜೇಬಿನಲ್ಲಿ ಮೆಕ್ಕೆಜೋಳದ ಕಾಳೊಂದಿತ್ತು,
ನಮ್ಮಜ್ಜಿ ಬೂದಿನೀರಲ್ಲಿ ಬೇಯಿಸುತ್ತಿದ್ದ ಬಿಳಿಯ ತಳಿ.
ಅದನ್ನೇ ಇಟ್ಟೆ.
ಅಂದಿನಿಂದ ಅದು ಆಗಾಗ ಬಿಳಿ ದಂಡಿನ ಲೆಕ್ಕಕ್ಕೆ ಸೇರಿಹೋಗುತ್ತದೆ.
ಅಲ್ಲ, ಎನ್ನುತ್ತೇನೆ. ಕಣ್ಣಿಗೆ ಬಿಳಿ, ಎಣಿಕೆಗೆ ಹಸಿರು.

ನಿನ್ನೆ ಎರಡೂ ಕಡೆಯವರು ಒಪ್ಪಂದದ ಎಲೆ ಇಳಿಸಿದೆವು.
ಆಟ ಮುಗಿಯಿತು. ಕೋಟೆ ಎಣಿಸಿದೆವು,
ಒಂದು ಕೋಟೆಯಿಂದ ಸೋತೆವು, ಒಡೀಲ್ ಸಣ್ಣಗೆ ಬೈದಳು.
ಆಗ ಕಂಡಿತು. ಹೊಳೆ ತಿರುಗುವಲ್ಲಿನ ಹಳ್ಳಿಗೆ
ಇಡೀ ಸಂಜೆ ಯಾರೂ ಕಾಲಿಟ್ಟಿರಲಿಲ್ಲ.
ಸುತ್ತ ಮನೆಗಳೆಲ್ಲ ಮೂರು ಮೂರು ಸಲ ಕೈ ಬದಲಿಸಿದ್ದವು.
ಕಾಳು ಇಟ್ಟಲ್ಲೇ ಇತ್ತು,
ಯಾರಿಗೂ ಹೊಡೆಯದೆ, ಯಾರಿಗೂ ಓಡದೆ.
ತೋರಿಸಬೇಕೆಂದು ಬೆರಳೆತ್ತುವಷ್ಟರಲ್ಲಿ
ರೆಜ್ಯಾನ್ ನಕ್ಷೆ ಮಡಚಿದ, ಕಾಳು ಉರುಳಿತು,
ನಾಯಿ ಪಿಸ್ತಾಶ್ ತಿಂದು ಬಾಲ ಅಲ್ಲಾಡಿಸಿತು.
ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಬಾಗಿಲ ಬಳಿ ಬೂಟು ಎಳೆದುಕೊಳ್ಳುವಾಗ ಒಡೀಲ್
ಮುಂದಿನ ವಾರ ಇನ್ನೊಂದು ತಾ, ಎಂದಳು.
ಗೂಡಿನಲ್ಲಿ ಹೇಳಬೇಕಾ?
ಒಂದು ಕಾಳಿಗೇನು, ಬೇಡ, ಎಂದಳು.
ಆಮೇಲೆ, ಖಾಲಿ ಪಾತ್ರೆ ನನ್ನ ಕೈಗಿಡುತ್ತ, ತಡೆದು:
ಕೇಳಿದರೆ ಹೇಳು.